ಹೊಸ ಗೇಮಿಂಗ್ ಕನ್ಸೋಲ್: ರಾಯದುರ್ಗ, ಮಡಕಶಿರದ ಹುಡುಗರ ಲೆಕ್ಕವೇ ಬೇರೆ

ನಿಂಟೆಂಡೊ ಕಂಪೆನಿಯ ‘ಸ್ವಿಚ್ 2’ ಗೇಮಿಂಗ್ ಕನ್ಸೋಲ್ 2025ರ ಜೂನ್ 5ರಂದು ಮಾರುಕಟ್ಟೆಗೆ ಬಂತು. ಮೊದಲ ನಾಲ್ಕೇ ದಿನದಲ್ಲಿ ಜಗತ್ತಿನಾದ್ಯಂತ 35 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು ಎಂದು ಕಂಪೆನಿ ಹೇಳಿಕೊಂಡಿದೆ. ಭಾರತದಲ್ಲಿ ಮಾತ್ರ ಅದು ಅಧಿಕೃತವಾಗಿ ಬಿಡುಗಡೆಯೇ ಆಗಲಿಲ್ಲ. ತಮಾಷೆ ಏನೆಂದರೆ, ನಮ್ಮ ಸಣ್ಣ ಊರುಗಳಲ್ಲಿ ಈಗ ಮೂವತ್ತು ದಾಟಿದವರು ಚಿಕ್ಕಂದಿನಲ್ಲಿ ಟಿವಿಗೆ ಸಿಕ್ಕಿಸಿ ಆಡಿದ, ಒಂದೇ ಕ್ಯಾಸೆಟ್‌ನಲ್ಲಿ ಸಾವಿರಗಟ್ಟಲೆ ಗೇಮ್ ಇದೆ ಎಂದು ಬರೆದಿರುತ್ತಿದ್ದ ಆ ಅಗ್ಗದ ಮೆಷಿನ್ ಇದೇ ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಕನ್ಸೋಲಿನ ನಕಲು. ಮಾರಿಯೊನನ್ನು ಎಲ್ಲರೂ ಬಲ್ಲರು, ಅವನ ಕಂಪೆನಿಗೆ ಮಾತ್ರ ಇಲ್ಲಿ ಅಂಗಡಿ ಇಲ್ಲ.

ಹೊಸ ಕನ್ಸೋಲ್ ಬಂದಾಗ ಅಮೆರಿಕ, ಜಪಾನಿನ ಅಭಿಮಾನಿಗಳು ಚಿತ್ರ ಎಷ್ಟು ಸ್ಪಷ್ಟ, ವೇಗ ಎಷ್ಟು ಎಂದು ಜಗಳ ಆಡುತ್ತಾರೆ. ಆಂಧ್ರದ ಗಡಿಯಲ್ಲಿರುವ ರಾಯದುರ್ಗ ಅಥವಾ ಮಡಕಶಿರದಂಥ ಊರಿನಲ್ಲಿ ಪ್ರಶ್ನೆಗಳು ಬೇರೆ. ಎಷ್ಟಾಗುತ್ತೆ? ಬಿಲ್ ಸಿಗುತ್ತಾ? ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ? ಗೇಮ್ ಆಡಿ ಮುಗಿದ ಮೇಲೆ ಮಾರಬಹುದಾ?

ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲೂಕು. ಆಂಧ್ರ ರಾಜ್ಯವಾದಾಗ ಆದೋನಿ, ಆಲೂರಿನ ಜೊತೆಗೆ ಇದೂ ಆ ಕಡೆಗೆ ಹೋಯಿತು. ವ್ಯಾಪಾರದ ನಂಟು ಹೋಗಲಿಲ್ಲ. ಜೀನ್ಸ್ ಹೊಲಿಗೆ ಎಂದರೆ ಬಳ್ಳಾರಿಯ ಹಾಗೇ ರಾಯದುರ್ಗಕ್ಕೂ ಹೆಸರಿದೆ. ಮಡಕಶಿರ ಅನಂತಪುರ ಜಿಲ್ಲೆಯಲ್ಲೇ ಇತ್ತು. 2022ರಲ್ಲಿ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಪಾವಗಡ, ಮಧುಗಿರಿ, ಗೌರಿಬಿದನೂರು ಪಕ್ಕದಲ್ಲೇ. ಶಾಲೆ ಕನ್ನಡದಲ್ಲಿ, ಆಫೀಸು ತೆಲುಗಿನಲ್ಲಿ, ಗೇಮಿನ ಮೆನು ಇಂಗ್ಲಿಷಿನಲ್ಲಿ. ಈ ಹುಡುಗರಿಗೆ ಅದು ಅಭ್ಯಾಸವಾಗಿದೆ. ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿ ಬೇಕೆಂದರೆ ರಾಯದುರ್ಗದವರಿಗೆ ಬಳ್ಳಾರಿ, ಮಡಕಶಿರದವರಿಗೆ ಹಿಂದೂಪುರ, ಇಲ್ಲದಿದ್ದರೆ ಬೆಂಗಳೂರು.

ಗಡಿ ದಾಟಿದರೆ ಅಗ್ಗವಾಗುತ್ತೆ ಎಂಬ ನಂಬಿಕೆ ಇನ್ನೂ ಅಲ್ಲಲ್ಲಿ ಉಳಿದಿದೆ. 2017ಕ್ಕೆ ಮೊದಲು ಒಂದೊಂದು ರಾಜ್ಯಕ್ಕೆ ಒಂದೊಂದು ವ್ಯಾಟ್ ಇದ್ದ ಕಾಲದ ಮಾತು ಅದು. ಈಗ ಜಿಎಸ್‌ಟಿ. ಗೇಮಿಂಗ್ ಕನ್ಸೋಲ್ ಮೇಲೆ ಮೊದಲು ಶೇ. 28 ಇತ್ತು, 2019ರ ಜನವರಿ 1ರಿಂದ ಶೇ. 18ಕ್ಕೆ ಇಳಿಯಿತು. ಬಳ್ಳಾರಿಯ ಕೌಂಟರ್‌ನಲ್ಲಿ ತಗೊಂಡರೆ ಅರ್ಧ ಕೇಂದ್ರಕ್ಕೆ, ಅರ್ಧ ಕರ್ನಾಟಕಕ್ಕೆ. ಆನ್‌ಲೈನ್‌ನಲ್ಲಿ ತರಿಸಿ ರಾಯದುರ್ಗದ ಮನೆಗೆ ಪಾರ್ಸೆಲ್ ಬಂದರೆ ರಾಜ್ಯದ ಪಾಲು ಆಂಧ್ರಕ್ಕೆ. ಗಿರಾಕಿಯ ಜೇಬಿಗೆ ಎರಡೂ ಒಂದೇ. ಸೋನಿಯ ಪ್ಲೇಸ್ಟೇಷನ್ 5 ಸ್ಲಿಮ್ 2024ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಇರುವ ಮಾದರಿಯ ಬೆಲೆ 54,990 ರೂ. ಅದರೊಳಗೆ ಸುಮಾರು 8,388 ರೂ. ಜಿಎಸ್‌ಟಿಯೇ.

ಜಿಎಸ್‌ಟಿಗಿಂತ ಮೊದಲೇ ಆಮದು ಸುಂಕ ಕೂತಿರುತ್ತದೆ. 2018ರ ಬಜೆಟ್‌ನಲ್ಲಿ ಕನ್ಸೋಲ್‌ಗಳ ಮೂಲ ಸುಂಕವನ್ನು ಶೇ. 10ರಿಂದ 20ಕ್ಕೆ ಏರಿಸಲಾಯಿತು. ಬಂದರಿಗೆ 10,000 ರೂ. ಮೌಲ್ಯದ ಕನ್ಸೋಲ್ ಬಂತು ಎನ್ನೋಣ. ಸುಂಕ 2,000. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್, ಅಂದರೆ 200. ಒಟ್ಟು 12,200. ಅದರ ಮೇಲೆ ಶೇ. 18 ಜಿಎಸ್‌ಟಿ 2,196. ಕೊನೆಗೆ 14,396 ರೂ. ಡಿಸ್ಟ್ರಿಬ್ಯೂಟರ್, ಡೀಲರ್‌ಗಳ ಲಾಭ ಇನ್ನೂ ಸೇರಿಲ್ಲ. ಅಮೆರಿಕದ ಬೆಲೆಯನ್ನು ರೂಪಾಯಿಗೆ ಗುಣಿಸಿ ‘ಇಲ್ಲಿ ಯಾಕೆ ಇಷ್ಟು ಜಾಸ್ತಿ’ ಎಂದು ಕೇಳುವವರಿಗೆ ಅರ್ಧ ಉತ್ತರ ಈ ಲೆಕ್ಕದಲ್ಲಿದೆ.

ಸ್ವಿಚ್ 2ಕ್ಕೆ 2025ರಲ್ಲಿ ಅಮೆರಿಕದಲ್ಲಿ 449.99 ಡಾಲರ್ ಇತ್ತು. ಡಾಲರಿಗೆ 85 ರೂ. ಹಿಡಿದರೆ ಸುಮಾರು 38 ಸಾವಿರ. ಇಲ್ಲಿ ಅಧಿಕೃತ ವಿತರಕರಿಲ್ಲದ ಕಾರಣ ದಾರಿ ಎರಡೇ: ಹೊರಗಿನಿಂದ ತರಿಸಿ ಮಾರುವ ಅಂಗಡಿ, ಇಲ್ಲವೇ ಗಲ್ಫ್‌ನಲ್ಲಿರುವ ಅಣ್ಣನೋ ಮಾವನೋ. ಗಲ್ಫ್ ದಾರಿ ಯಾಕೆ ಇಷ್ಟೊಂದು ಜನಪ್ರಿಯ ಎಂಬುದಕ್ಕೂ ಲೆಕ್ಕವಿದೆ. 2016ರ ಬ್ಯಾಗೇಜ್ ನಿಯಮ ಜಾರಿಯಲ್ಲಿದ್ದಾಗ ಅಲ್ಲಿಂದ ಬರುವ ಒಬ್ಬ ಪ್ರಯಾಣಿಕನಿಗೆ 50 ಸಾವಿರ ರೂ.ವರೆಗಿನ ವಸ್ತುವಿಗೆ ಸುಂಕವಿರಲಿಲ್ಲ. ಮಿತಿ ಮೀರಿದ ಮೊತ್ತಕ್ಕೆ ಸರ್‌ಚಾರ್ಜ್ ಸೇರಿ ಶೇ. 38.5 ಇತ್ತು. ಮನೆಯವರಿಗೆ ತಂದ ಬಟ್ಟೆಬರೆ, ಮಕ್ಕಳ ಆಟಿಕೆ, ಹೊಸ ಮೊಬೈಲ್ ಎಲ್ಲವೂ ಅದೇ 50 ಸಾವಿರದೊಳಗೆ ಬರಬೇಕಿತ್ತು. ಗಂಡನ ಮಿತಿ, ಹೆಂಡತಿಯ ಮಿತಿ ಎರಡನ್ನೂ ಕೂಡಿಸಿ ಒಂದು ವಸ್ತುವಿಗೆ ತೋರಿಸಲಿಕ್ಕೆ ಆಗುವುದಿಲ್ಲ.

ಜಪಾನಿನಿಂದ ತರಿಸುವವರು ಇನ್ನೊಂದು ವಿಷಯ ನೋಡಬೇಕು. ಅಲ್ಲಿ 2025ರಲ್ಲಿ 49,980 ಯೆನ್‌ಗೆ, ಅಂದರೆ ಸುಮಾರು 30 ಸಾವಿರ ರೂ.ಗೆ, ಸ್ವಿಚ್ 2 ಸಿಗುತ್ತಿತ್ತು. ಅದರ ಮೆನು ಜಪಾನಿ ಭಾಷೆಯಲ್ಲಿ ಮಾತ್ರ. ಜಪಾನ್ ಎಂದು ನೋಂದಾಯಿಸಿದ ಖಾತೆಯನ್ನಷ್ಟೇ ಅದು ಒಪ್ಪುತ್ತದೆ. ಎಲ್ಲ ಭಾಷೆಯ ಮಾದರಿಗೆ ಅಲ್ಲೇ 69,980 ಯೆನ್. ಅಗ್ಗ ಎಂದು ತರಿಸಿದರೆ ಮನೆಯಲ್ಲಿ ಓದಲಿಕ್ಕೆ ಬರುವವರು ಯಾರೂ ಇರೋದಿಲ್ಲ.

ಸೋನಿಯ ಕಥೆ ಇನ್ನೂ ವಿಚಿತ್ರ. ಹೆಚ್ಚು ಶಕ್ತಿಯ ಪಿಎಸ್5 ಪ್ರೊ 2024ರ ನವೆಂಬರ್ 7ರಂದು ಹೊರದೇಶಗಳಲ್ಲಿ ಬಿಡುಗಡೆಯಾಯಿತು. ಬೆಲೆ 699.99 ಡಾಲರ್. ಭಾರತದ ಪಟ್ಟಿಯಲ್ಲಿ ಅದು ಇರಲಿಲ್ಲ. ಕಾರಣ ಬೆಲೆಯೂ ಅಲ್ಲ, ಸುಂಕವೂ ಅಲ್ಲ, ವೈಫೈ. ಆ ಕನ್ಸೋಲ್ ಬಳಸುವ ವೈಫೈ 7ಕ್ಕೆ 6 ಗಿಗಾಹರ್ಟ್ಸ್ ತರಂಗಾಂತರ ಬೇಕು. ಅದನ್ನು ಲೈಸೆನ್ಸ್ ಇಲ್ಲದೆ ಬಳಸಲು ಭಾರತ ಆಗ ಅನುಮತಿ ಕೊಟ್ಟಿರಲಿಲ್ಲ. ದೂರಸಂಪರ್ಕ ಇಲಾಖೆ ಆ ಬ್ಯಾಂಡ್‌ನ ಕೆಳಭಾಗವನ್ನು ಮುಕ್ತಗೊಳಿಸುವ ಕರಡು ನಿಯಮ ಹೊರಡಿಸಿದ್ದು 2025ರ ಮೇ ತಿಂಗಳಲ್ಲಿ. ಹಣ ಇದ್ದವನೂ ಕಾಯಬೇಕಾದ ಪರಿಸ್ಥಿತಿ.

ಆದರೆ ಸಣ್ಣ ಊರಿನ ಅಭಿಮಾನಿಗೆ ನಿಜವಾಗಿ ಹೆದರಿಕೆ ಹುಟ್ಟಿಸುವ ವಿಷಯ ಡಿಸ್ಕ್. ಪಿಎಸ್5 ಪ್ರೊಗೆ ಡಿಸ್ಕ್ ಡ್ರೈವ್ ಇಲ್ಲ, ಬೇಕಿದ್ದರೆ ಬೇರೆ ಕೊಳ್ಳಬೇಕು. ಸ್ವಿಚ್ 2ರಲ್ಲಿ ‘ಗೇಮ್ ಕೀ ಕಾರ್ಡ್’ ಎಂಬ ಹೊಸ ಪದ್ಧತಿ ಬಂದಿದೆ. ನೋಡಲು ಕಾರ್ಡ್ ಇದ್ದ ಹಾಗೇ ಇರುತ್ತದೆ, ಒಳಗೆ ಗೇಮ್ ಇರುವುದಿಲ್ಲ, ಬೀಗದ ಕೈ ಮಾತ್ರ. ಗೇಮನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಎಲ್ಲ ಕಂಪೆನಿಗಳೂ ಹೀಗೆ ಮಾಡಿಲ್ಲ. ‘ಸೈಬರ್‌ಪಂಕ್ 2077’ ಇಡೀ ಗೇಮ್ 64 ಜಿಬಿ ಕಾರ್ಡ್‌ನಲ್ಲೇ ಬಂತು, ಅಭಿಮಾನಿಗಳು ಅದನ್ನು ಹೊಗಳಿದ್ದೂ ಆ ಕಾರಣಕ್ಕೆ.

ದಿನಕ್ಕೆ 2 ಜಿಬಿ ಡೇಟಾದ ಮೊಬೈಲ್ ಪ್ಯಾಕ್‌ನಲ್ಲಿ 100 ಜಿಬಿಯ ಒಂದು ಗೇಮ್ ಇಳಿಸಲು 50 ದಿನ ಬೇಕು, ಅದೂ ಮನೆಯಲ್ಲಿ ಬೇರೆ ಯಾರೂ ರೀಲ್ಸ್ ನೋಡದಿದ್ದರೆ. ಫೈಬರ್ ಲೈನ್ ಇರುವ ಮನೆಗೆ ಈ ಕಷ್ಟ ಇಲ್ಲ. ಮರುಮಾರಾಟದ ಕಷ್ಟ ಮಾತ್ರ ಎಲ್ಲರಿಗೂ ಒಂದೇ. ಐದು ಸಾವಿರದ ಡಿಸ್ಕ್ ತಗೊಂಡು, ಆಡಿ ಮುಗಿಸಿ, ಮೂರು ಸಾವಿರಕ್ಕೆ ಮಾರಿದರೆ ಖರ್ಚು ಎರಡು ಸಾವಿರ. ಮೂವರು ಗೆಳೆಯರು ಮೂರು ಡಿಸ್ಕ್ ತಗೊಂಡು ಬದಲಿಸಿಕೊಂಡರೆ ಇನ್ನೂ ಕಡಿಮೆ. ಡೌನ್‌ಲೋಡ್ ಗೇಮಿಗೆ ಕೊಟ್ಟ ಐದು ಸಾವಿರ ಆ ಖಾತೆಯಲ್ಲೇ ಕೂರುತ್ತದೆ. ಹೊಲಿದ ಪೀಸಿಗೆ ಇಷ್ಟು ಎಂದು ಕೂಲಿ ಎಣಿಸುವ ಯುವಕನಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಡಿಸ್ಕ್ ಇಲ್ಲದ ಕನ್ಸೋಲ್ ಅಂಗಡಿಯಲ್ಲಿ ಅಗ್ಗವಾಗಿ ಕಂಡರೂ ಎರಡು ವರ್ಷದಲ್ಲಿ ಅವನಿಗೆ ದುಬಾರಿಯೇ ಬೀಳುತ್ತದೆ.

ಮನೆಯ ಹಿರಿಯರ ತಕರಾರು ಇನ್ನೊಂದಿದೆ: ಗೇಮ್ ಅಂದ್ರೆ ಜೂಜು. ಹಾಗೆ ಅನ್ನಿಸಲು ಕಾರಣ ಇಲ್ಲದಿಲ್ಲ. ಮೊಬೈಲ್‌ನ ರಮ್ಮಿಯಲ್ಲಿ ಮನೆ ಮುರಿದ ಸುದ್ದಿ ಎಷ್ಟು ಬಂದಿಲ್ಲ? ಆಂಧ್ರ ಸರಕಾರ 2020ರಲ್ಲೇ ಆನ್‌ಲೈನ್ ರಮ್ಮಿ, ಪೋಕರ್ ನಿಷೇಧಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳನ್ನೇ ನಿಷೇಧಿಸುವ ಕಾಯ್ದೆ ಅಂಗೀಕರಿಸಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್ ಮತ್ತು ಹಣ ಕಟ್ಟದ ಆಟಗಳನ್ನು ಬೇರೆಯಾಗಿಯೇ ಇಟ್ಟಿದೆ. ಡಿಸ್ಕ್ ಹಾಕಿ ಫುಟ್‌ಬಾಲ್ ಆಡೋದು ಆ ನಿಷೇಧಕ್ಕೆ ಬರುವುದಿಲ್ಲ.

ಈಗ ಎಲ್ಲರ ಕಣ್ಣು ‘ಜಿಟಿಎ 6’ ಮೇಲೆ. ಅದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಎಂದು ಮಾತ್ರ ಪ್ರಕಟವಾಗಿದೆ, ಪಿಎಸ್4 ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಹಳೆ ಕನ್ಸೋಲ್ ಇದ್ದವರೂ ಹೊಸದಕ್ಕೆ ದುಡ್ಡು ಕೂಡಿಡುತ್ತಾರೆ. ಪಿಎಸ್5 ಸ್ಲಿಮ್‌ನ ಡಿಜಿಟಲ್ ಮಾದರಿ ತಗೊಳ್ಳುವವರಿಗೆ ಒಂದು ಅನುಕೂಲ ಇದೆ: ಡಿಸ್ಕ್ ಡ್ರೈವ್ ಅನ್ನು ಆಮೇಲೆ ಜೋಡಿಸಬಹುದು. ಜೋಡಿಸುವಾಗ ಒಮ್ಮೆ ಇಂಟರ್ನೆಟ್ ಬೇಕು. ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದರೆ ಜಿಎಸ್‌ಟಿ ಬಿಲ್ ಕೇಳಿ, ಅದರಲ್ಲಿ ಸೀರಿಯಲ್ ನಂಬರ್ ಇದ್ದರೆ ಕನ್ಸೋಲಿನ ಮೇಲಿನ ನಂಬರಿಗೆ ತಾಳೆ ನೋಡಬೇಕು. ಹಳೆಯ ಮಾಲಕ ತನ್ನ ಖಾತೆಯಿಂದ ಹೊರಬಂದು, ಎಲ್ಲವನ್ನೂ ಅಳಿಸಿ, ಕಣ್ಣೆದುರೇ ಒಂದು ಡಿಸ್ಕ್ ಓಡಿಸಿ ತೋರಿಸಿದ ಮೇಲೆಯೇ ಹಣ ಕೊಡಬೇಕು.