ಬಿಳಿ ಹಳದಿಯಾದರೆ ನೀಲಿಯನ್ನು ಹುಡುಕಿ

ನಮ್ಮ ಬೀದಿಯ ತುದಿಯ ಜೆರಾಕ್ಸ್ ಅಂಗಡಿಗೆ ಒಂದು ಮಧ್ಯಾಹ್ನ ಹೋದಾಗ ಅಲ್ಲಿನ ಮಾನಿಟರ್ ಅರಿಶಿನ ಬಳಿದುಕೊಂಡಂತೆ ಕೂತಿತ್ತು. ವರ್ಡ್‌ನ ಬಿಳಿ ಹಾಳೆ ಹಳದಿ, ಬ್ರೌಸರಿನ ಖಾಲಿ ಪುಟ ಹಳದಿ. ಡೆಸ್ಕ್‌ಟಾಪಿನ ನೀಲಿ ಆಕಾಶ ಪಾಚಿಗಟ್ಟಿದ ಕೆರೆಯ ಬಣ್ಣಕ್ಕೆ ತಿರುಗಿತ್ತು. ಅಂಗಡಿಯವರು ಬೆಳಿಗ್ಗೆಯೇ ರಿಪೇರಿಯವರೊಬ್ಬರನ್ನು ಕರೆಸಿದ್ದರು. ‘ಡಿಸ್‌ಪ್ಲೇ ಹೋಗಿದೆ, ಹೊಸದು ತಗೊಳ್ಳಿ’ ಎಂದು ಹೇಳಿ ಅವರು ಹೊರಟುಹೋಗಿದ್ದರು. ‘ಪ್ರಿಂಟ್ ಮಾತ್ರ ಸರಿಯಾಗೇ ಬರ್ತಿದೆ ನೋಡಿ’ ಎಂದು ಅಂಗಡಿಯವರು ಒಂದು ಲಗ್ನಪತ್ರಿಕೆಯ ಪ್ರತಿ ತೋರಿಸಿದರು. ಹಳದಿ ಕುಂಕುಮಗಳೆಲ್ಲ ಅವುಗಳ ಜಾಗದಲ್ಲೇ ಇದ್ದವು.

ನಾನು ಮೊದಲು ಮಾಡಿದ್ದು ಮಾನಿಟರಿನ ಕೆಳಗಿನ ಗುಂಡಿ ಒತ್ತಿದ್ದು. ಬ್ರೈಟ್‌ನೆಸ್, ಕಾಂಟ್ರಾಸ್ಟ್ ತೋರಿಸುವ ಚಿಕ್ಕ ಪೆಟ್ಟಿಗೆ ಪರದೆಯ ನಡುವೆ ಮೂಡಿತು. ಸುತ್ತೆಲ್ಲ ಹಳದಿ, ಆ ಪೆಟ್ಟಿಗೆಯ ಅಕ್ಷರಗಳು ಮಾತ್ರ ಹಾಲಿನಷ್ಟು ಬಿಳಿ. ಆ ಅಕ್ಷರಗಳನ್ನು ಬರೆಯುವುದು ಮಾನಿಟರೇ ಹೊರತು ಕಂಪ್ಯೂಟರಲ್ಲ. ಅವು ಕೇಬಲ್ಲಿನಲ್ಲಿ ಬರುವುದಿಲ್ಲ. ತನ್ನ ಸ್ವಂತ ಬಿಳಿಯನ್ನು ಬಿಳಿಯಾಗಿಯೇ ತೋರಿಸಬಲ್ಲ ಮಾನಿಟರ್ ಕೆಟ್ಟಿಲ್ಲ. ಇತ್ತ ಪ್ರಿಂಟ್ ಸರಿ ಬರುತ್ತಿದೆ ಎಂದರೆ ಕಂಪ್ಯೂಟರಿನೊಳಗಿನ ಕಡತವೂ ಸರಿಯಾಗಿದೆ. ನಡುವೆ ಉಳಿದದ್ದು ಒಂದು ಕೇಬಲ್.

ಅದು ಹಳೆಯ ವಿಜಿಎ ಕೇಬಲ್, ನೀಲಿ ಮೂತಿಯದು. ಬಿಗಿಯುವ ಎರಡು ತಿರುಪುಗಳಲ್ಲಿ ಒಂದು ಮಾತ್ರ ಹಿಡಿದಿತ್ತು. ಬಿಚ್ಚಿ ಬೆಳಕಿಗೆ ಹಿಡಿದರೆ ಮೂರು ಸಾಲು ಪಿನ್ನುಗಳು, ಸಾಲಿಗೆ ಐದು. ಮೇಲಿನ ಸಾಲಿನ ನಟ್ಟನಡುವಿನ ಪಿನ್ ಬಗ್ಗಿ ಪಕ್ಕಕ್ಕೆ ಮಲಗಿತ್ತು. ಯಾವ ಪಿನ್ ಎಂದು ಬಿಚ್ಚುವ ಮೊದಲೇ ನನಗೆ ಗೊತ್ತಿತ್ತು, ಏಕೆಂದರೆ ಪರದೆಯೇ ಅದನ್ನು ಹೇಳಿತ್ತು. 0.9 ಎಂಎಂ ಮೈಕ್ರೊಟಿಪ್ ಪೆನ್ಸಿಲಿನ ಸೀಸ ತೆಗೆದು, ಅದರ ಖಾಲಿ ಲೋಹದ ಮೂತಿಯನ್ನು ಪಿನ್ನಿಗೆ ಕೊಳವೆಯಂತೆ ತೊಡಿಸಿ, ಉಸಿರು ಬಿಗಿಹಿಡಿದು ನಿಧಾನವಾಗಿ ನೆಟ್ಟಗೆ ಮಾಡಿದೆ. ಚುಚ್ಚಿ ಎರಡೂ ತಿರುಪು ಬಿಗಿದಾಗ ಹಾಳೆ ಬೆಳ್ಳಗಾಯಿತು.

ಪರದೆ ಹೇಳಿದ್ದೇನು? ಅದನ್ನು ಕೇಳಿಸಿಕೊಳ್ಳಬೇಕಾದರೆ ಬಣ್ಣ ಹುಟ್ಟುವ ಜಾಗಕ್ಕೇ ಹೋಗಬೇಕು. ಮೊಬೈಲಿನಲ್ಲಿ ಒಂದು ಬಿಳಿ ಪುಟ ತೆರೆದು, ಬೆರಳ ತುದಿಯಿಂದ ಸಾಸಿವೆ ಕಾಳಿನಷ್ಟು ಚಿಕ್ಕ ನೀರಿನ ಹನಿಯನ್ನು ಪರದೆಯ ಮೇಲೆ ಬಿಡಿ. ಹನಿ ಮಸೂರದ ಕೆಲಸ ಮಾಡುತ್ತದೆ. ಅದರೊಳಗೆ ಬಿಳಿ ಕಾಣುವುದಿಲ್ಲ. ಕೆಂಪು, ಹಸಿರು, ನೀಲಿ ಚುಕ್ಕೆಗಳು ಜೋಡಿಸಿಟ್ಟ ಮಣಿಗಳಂತೆ ಕಾಣುತ್ತವೆ. ಈಗ ಹಳದಿ ಚಿತ್ರವೊಂದನ್ನು ತೆರೆದು ಅದೇ ಹನಿಯೊಳಗೆ ನೋಡಿ. ಹಳದಿ ಚುಕ್ಕೆ ಒಂದೂ ಇಲ್ಲ. ಕೆಂಪು ಮತ್ತು ಹಸಿರು ಉರಿಯುತ್ತಿವೆ, ನೀಲಿ ಆರಿದೆ.

ಡ್ರಾಯಿಂಗ್ ಕ್ಲಾಸಿನಲ್ಲಿ ಹಳದಿಗೆ ನೀಲಿ ಕಲಸಿ ಹಸಿರು ಮಾಡಿದವರಿಗೆ ಇದು ವಿಚಿತ್ರವೆನಿಸಬಹುದು. ಬಣ್ಣದ ಪುಡಿ ಬೆಳಕನ್ನು ನುಂಗುತ್ತದೆ, ಪರದೆ ಬೆಳಕನ್ನು ಕೊಡುತ್ತದೆ. ಆದ್ದರಿಂದ ಎರಡರ ಲೆಕ್ಕವೂ ಬೇರೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರೇ ಬಗೆಯವು. ಮೂರಕ್ಕೂ ತಕ್ಕ ಪ್ರಮಾಣದಲ್ಲಿ ಬೆಳಕು ತಾಗಿಸಿದರೆ ಮಿದುಳು ಬಿಳಿ ಎನ್ನುತ್ತದೆ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನ ಸಭಿಕರ ಮುಂದೆ ಕೆಂಪು, ಹಸಿರು, ನೀಲಿ ಬೆಳಕುಗಳಲ್ಲಿ ಮೂರು ಚಿತ್ರಗಳನ್ನು ಒಂದರ ಮೇಲೊಂದು ಬೀಳಿಸಿ ಬಣ್ಣದ ಪಟ್ಟಿಯೊಂದನ್ನು ತೋರಿಸಿದಾಗಿನ ತತ್ತ್ವವೇ ಇಂದಿನ ಪರದೆಯಲ್ಲೂ ಇದೆ.

1987ರಲ್ಲಿ ಬಂದ ವಿಜಿಎ ಈ ಮೂರು ಬಣ್ಣಗಳಿಗೆ ಮೂರು ತಂತಿ ಕೊಟ್ಟಿತು. ಒಂದನೇ ಪಿನ್ ಕೆಂಪಿಗೆ, ಎರಡನೆಯದು ಹಸಿರಿಗೆ, ಮೂರನೆಯದು ನೀಲಿಗೆ. ಒಂದೊಂದರಲ್ಲೂ ಸೊನ್ನೆಯಿಂದ 0.7 ವೋಲ್ಟ್‌ವರೆಗೆ ಏರಿಳಿಯುವ ವಿದ್ಯುತ್ತು. ಹೆಚ್ಚು ವೋಲ್ಟ್ ಎಂದರೆ ಹೆಚ್ಚು ಬೆಳಕು. ತಂತಿ ಕಡಿದರೆ ಆ ಬಣ್ಣ ಸೊನ್ನೆ. ನೀಲಿ ಹೋದರೆ ಬಿಳಿ ಹಳದಿಯಾಗುತ್ತದೆ, ಹಸಿರು ಹೋದರೆ ಸೀರೆ ಅಂಗಡಿಯವರು ರಾಣಿ ಬಣ್ಣ ಎನ್ನುವ ಕಡುಗುಲಾಬಿಯಾಗುತ್ತದೆ, ಕೆಂಪು ಹೋದರೆ ತಿಳಿ ಹಸಿರುನೀಲಿಯಾಗುತ್ತದೆ. ಬಿಳಿ ಯಾವ ಬಣ್ಣಕ್ಕೆ ತಿರುಗಿದೆಯೆಂದು ನೋಡಿದರೆ ಯಾವ ತಂತಿ ಕೈಕೊಟ್ಟಿದೆಯೆಂದು ಗೊತ್ತಾಗುತ್ತದೆ. ಒಂದು ಮಾತು: ವಿಜಿಎ ಕೇಬಲ್ಲಿನ ನಡುಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಗಾಬರಿ ಬೇಡ. ಒಂಬತ್ತನೆಯ ಪಿನ್ನನ್ನು ಎಷ್ಟೋ ಕೇಬಲ್‌ಗಳಲ್ಲಿ ಹಾಕುವುದೇ ಇಲ್ಲ.

ನನ್ನನ್ನು ಕಾಡುವ ಸಂಗತಿ ಇದು. ಸರಿಯಿರುವ ಮಾನಿಟರುಗಳು ಬಣ್ಣ ಕೆಟ್ಟವೆಂಬ ಒಂದೇ ಕಾರಣಕ್ಕೆ ಗುಜರಿ ಸೇರುತ್ತವೆ. ಜ್ವರ ಬಂದವರ ಮೈ ಮುಟ್ಟಿ ನೋಡುವಷ್ಟು ಹೊತ್ತನ್ನೂ ನಾವು ಅವಕ್ಕೆ ಕೊಡುವುದಿಲ್ಲ. ಕೆಟ್ಟ ಬಣ್ಣಕ್ಕೆ ಒಂದು ವಿಳಾಸವಿರುತ್ತದೆ. ಚಿತ್ರವು ಪ್ರೋಗ್ರಾಮಿನಿಂದ ಗ್ರಾಫಿಕ್ಸ್ ಚಿಪ್‌ಗೆ, ಅಲ್ಲಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ಮಾನಿಟರಿನ ಒಳ ಬೋರ್ಡಿಗೆ, ಕೊನೆಗೆ ಗಾಜಿನ ಫಲಕಕ್ಕೆ ಹೋಗುತ್ತದೆ. ಪ್ರತಿ ನಿಲ್ದಾಣದಲ್ಲೂ ಇಳಿದು ವಿಚಾರಿಸಬಹುದು.

ವಿಚಾರಿಸುವ ಅತಿ ಸುಲಭದ ದಾರಿ ಸ್ಕ್ರೀನ್‌ಶಾಟ್. ಗೆಳೆಯರೊಬ್ಬರು ಒಮ್ಮೆ ‘ಪರದೆ ತುಂಬ ಗುಲಾಬಿ ಗೆರೆ, ನೋಡಿ’ ಎಂದು ಸ್ಕ್ರೀನ್‌ಶಾಟ್ ತೆಗೆದು ನನ್ನ ಮೊಬೈಲಿಗೆ ಕಳಿಸಿದರು. ನನಗೆ ಒಂದು ಗೆರೆಯೂ ಕಾಣಲಿಲ್ಲ. ಕಾಣದಿದ್ದದ್ದೇ ಉತ್ತರ. ಸ್ಕ್ರೀನ್‌ಶಾಟ್ ಎಂಬುದು ಗ್ರಾಫಿಕ್ಸ್ ಚಿಪ್ ಹೊರಗೆ ಕಳಿಸುವ ಮೊದಲಿನ ಚಿತ್ರ. ಅದರಲ್ಲಿ ಗೆರೆ ಇಲ್ಲವೆಂದರೆ ಗೆರೆ ಹುಟ್ಟಿದ್ದು ಆಮೇಲೆ, ಕೇಬಲ್ಲಿನಲ್ಲೋ ಮಾನಿಟರಿನಲ್ಲೋ. ನನ್ನ ಮೊಬೈಲಿನಲ್ಲೂ ಗೆರೆ ಕಂಡಿದ್ದರೆ ತಪ್ಪು ಗ್ರಾಫಿಕ್ಸ್ ಕಡೆಯದು. ಈ ಪರೀಕ್ಷೆಗೆ ಒಂದು ವಿನಾಯಿತಿ ಉಂಟು. ಸಂಜೆಯಾದೊಡನೆ ಪರದೆಯನ್ನು ಕೇಸರಿಗೆ ತಿರುಗಿಸುವ ನೈಟ್ ಲೈಟ್ ಮತ್ತು ಬಣ್ಣಗುರುಡು ಇರುವವರ ನೆರವಿಗೆಂದು ಇಟ್ಟಿರುವ ಕಲರ್ ಫಿಲ್ಟರ್ ಸಾಮಾನ್ಯವಾಗಿ ಸ್ಕ್ರೀನ್‌ಶಾಟಿನಲ್ಲಿ ಸೆರೆಯಾಗುವುದಿಲ್ಲ, ಏಕೆಂದರೆ ಅವು ಚಿತ್ರ ಸಿದ್ಧವಾದ ಮೇಲೆ ಹೊರಬಾಗಿಲಲ್ಲಿ ಬಳಿಯುವ ಬಣ್ಣ. ಹಾಗಾಗಿ ಯಾವುದನ್ನೂ ಬಿಚ್ಚುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಈ ಎರಡನ್ನೂ ನೋಡಿಬಿಡಿ. ವಿಂಡೋಸ್‌ನಲ್ಲಿ ಕಲರ್ ಫಿಲ್ಟರಿನ ಶಾರ್ಟ್‌ಕಟ್ ಚಾಲೂ ಇದ್ದರೆ ವಿಂಡೋಸ್, ಕಂಟ್ರೋಲ್, ಸಿ ಕೀಲಿಗಳು ಒಟ್ಟಿಗೆ ಒತ್ತಿಹೋದರೂ ಸಾಕು, ಇಡೀ ಪರದೆ ಕಪ್ಪುಬಿಳುಪಾಗುತ್ತದೆ. ಅದೇ ಮೂರನ್ನು ಮತ್ತೆ ಒತ್ತಿದರೆ ಬಣ್ಣ ವಾಪಸ್.

ಇನ್ನೊಂದು ನಿಲ್ದಾಣ, ಕಂಪ್ಯೂಟರ್ ಹೊತ್ತಿಸಿದ ಮೊದಲ ಕೆಲವು ಕ್ಷಣಗಳು. ವಿಂಡೋಸ್ ಇನ್ನೂ ಎದ್ದಿರುವುದಿಲ್ಲ, ಡ್ರೈವರ್ ಕೆಲಸ ಶುರುಮಾಡಿರುವುದಿಲ್ಲ. ಆಗಲೂ ಚಿತ್ತಾರ ಕಾಣುತ್ತಿದ್ದರೆ ಡ್ರೈವರಿನ ಮೇಲೆ ಗೂಬೆ ಕೂರಿಸಬೇಡಿ. ವಿಂಡೋಸ್ ಎದ್ದಮೇಲಷ್ಟೇ ಶುರುವಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ ನೋಡಿ. ಪರದೆ ಒಮ್ಮೆ ಕಣ್ಣು ಮಿಟುಕಿಸುತ್ತದೆ, ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಎದ್ದು ಕೂರುತ್ತದೆ.

ಈಗಿನ ಎಚ್‌ಡಿಎಂಐ ಕೇಬಲ್ಲಿನ ಕಾಯಿಲೆ ವಿಜಿಎಯ ಹಾಗಲ್ಲ. ಅಲ್ಲಿ ಹರಿಯುವುದು ಸೊನ್ನೆ ಮತ್ತು ಒಂದುಗಳು. 1920 ಅಡ್ಡ, 1080 ಉದ್ದದ ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿವೆ. ಒಂದೊಂದಕ್ಕೂ 24 ಬಿಟ್, ಸೆಕೆಂಡಿಗೆ 60 ಸಲ. ಗುಣಿಸಿದರೆ ಸೆಕೆಂಡಿಗೆ ಹೆಚ್ಚುಕಡಿಮೆ 300 ಕೋಟಿ ಬಿಟ್. ಕೇಬಲ್ ಹಳತಾಗಿ, ತೀರಾ ಉದ್ದವಾಗಿ ಅಥವಾ ಸಡಿಲವಾಗಿ ಅದರಲ್ಲಿ ಕೆಲವು ತಪ್ಪಿಹೋದರೆ ಚಿತ್ರ ಮಂಕಾಗುವುದಿಲ್ಲ. ಅಲ್ಲಲ್ಲಿ ಮಿಂಚುಹುಳದಂತೆ ಚುಕ್ಕೆಗಳು ಹೊಳೆದು ಮರೆಯಾಗುತ್ತವೆ. ತಪ್ಪು ಇನ್ನೂ ಹೆಚ್ಚಿದರೆ ಪರದೆ ಒಂದೆರಡು ಸೆಕೆಂಡು ಕಪ್ಪಾಗಿ ಮರಳುತ್ತದೆ. ಬೇರೆ ಕೇಬಲ್ ಹಾಕಿ ನೋಡುವುದೊಂದೇ ಇಲ್ಲಿ ಪರೀಕ್ಷೆ.

ಎಚ್‌ಡಿಎಂಐಯಲ್ಲಿ ಜನರನ್ನು ಅತಿ ಹೆಚ್ಚು ಬೆಚ್ಚಿಬೀಳಿಸುವುದು ಇಡೀ ಪರದೆ ಹಸಿರು-ನೇರಳೆಯಾಗುವುದು. ಅದರ ಹಿಂದೊಂದು ಹಳೆಯ ಕಥೆಯಿದೆ. ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟೀವಿಯ ಮಾನದಂಡ ಒಪ್ಪಿಗೆ ಪಡೆದಾಗ ಮನೆಮನೆಯಲ್ಲಿ ಇದ್ದದ್ದು ಕಪ್ಪುಬಿಳುಪಿನ ಟೀವಿ. ಅವನ್ನು ಎಸೆಯಬೇಕಾಗದಂತೆ ಎಂಜಿನಿಯರುಗಳು ಚಿತ್ರವನ್ನು ಬೆಳಕಿನ ಅಂಶ ಮತ್ತು ಬಣ್ಣದ ಅಂಶ ಎಂದು ಬಿಡಿಸಿದರು. ಹಳೆಯ ಟೀವಿ ಬೆಳಕನ್ನಷ್ಟೇ ಓದಿಕೊಂಡರೆ ಸಾಕಿತ್ತು. ಆ ಪದ್ಧತಿಯ ಮರಿಮಕ್ಕಳು ಇಂದಿಗೂ ಎಚ್‌ಡಿಎಂಐಯಲ್ಲಿವೆ: ಒಂದು ಸಂಖ್ಯೆ ಬೆಳಕಿಗೆ, ಎರಡು ಸಂಖ್ಯೆಗಳು ಬಣ್ಣದ ವ್ಯತ್ಯಾಸಕ್ಕೆ. ಬಣ್ಣವೇ ಇಲ್ಲದ ಕಡೆ ಆ ಎರಡೂ ಸಂಖ್ಯೆಗಳು ಸೊನ್ನೆಯಲ್ಲ, ನಟ್ಟನಡುವಿನ 128. ಕಂಪ್ಯೂಟರ್ ಈ ಭಾಷೆಯಲ್ಲಿ ಮಾತಾಡುತ್ತಿರುವಾಗ ಮಾನಿಟರ್ ಅದನ್ನು ಕೆಂಪು, ಹಸಿರು, ನೀಲಿ ಎಂದು ಓದಿದರೆ? ಬೆಳಕಿನ ಸಂಖ್ಯೆ ಹಸಿರಿನ ಜಾಗಕ್ಕೆ ಬೀಳುತ್ತದೆ. ಎರಡು 128ಗಳು ಕೆಂಪು ಮತ್ತು ನೀಲಿಯಾಗುತ್ತವೆ. ಕಪ್ಪು ಜಾಗದಲ್ಲಿ ಹಸಿರು ಇಲ್ಲ, ಅರ್ಧ ಕೆಂಪು ಅರ್ಧ ನೀಲಿ ಸೇರಿ ನೇರಳೆ. ಬಿಳಿ ಜಾಗದಲ್ಲಿ ಹಸಿರು ತುಂಬಿ ತುಳುಕುತ್ತದೆ. ಯಂತ್ರಗಳೆರಡೂ ಆರೋಗ್ಯವಾಗಿವೆ, ಭಾಷೆ ಮಾತ್ರ ಹೊಂದಿಲ್ಲ. ಕೇಬಲ್ ಕಿತ್ತು ಮತ್ತೆ ಚುಚ್ಚಿದರೆ ಪರಸ್ಪರ ಪರಿಚಯ ಹೊಸದಾಗಿ ನಡೆದು ಎಷ್ಟೋ ಸಲ ಸರಿಹೋಗುತ್ತದೆ. ಇಲ್ಲದಿದ್ದರೆ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಆರ್‌ಜಿಬಿ ಎಂದು ಆರಿಸಬೇಕು. ಕಪ್ಪು ಬೂದಿಯಂತೆ, ಬಿಳಿ ಮಂಕಾಗಿ ಕಂಡರೆ ಅದೂ ಇಂಥದ್ದೇ ತಪ್ಪು: ಟೀವಿಯ ಲೆಕ್ಕದಲ್ಲಿ ಕಪ್ಪು 16, ಬಿಳಿ 235, ಕಂಪ್ಯೂಟರಿನ ಲೆಕ್ಕದಲ್ಲಿ ಸೊನ್ನೆ ಮತ್ತು 255.

ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಕೆಟ್ಟಾಗಿನ ನೋಟ ಬೇರೆಯೇ. ಚದುರಂಗದ ಮನೆಗಳಂಥ ಚೌಕಗಳು, ಸಮ ಅಂತರದಲ್ಲಿ ಚುಕ್ಕೆಸಾಲು, ಆಟದಲ್ಲಿ ಮರದ ಕೊಂಬೆಯೊಂದು ಆಕಾಶದ ಉದ್ದಕ್ಕೂ ಎಳೆದುಕೊಂಡು ಹೋಗುವುದು. ಒಂದು ಬಣ್ಣದ ಮಟ್ಟಕ್ಕೆ ಎಂಟು ಬಿಟ್. ಕೊನೆಯ ಬಿಟ್ ತಪ್ಪಿದರೆ 200 ಇದ್ದದ್ದು 201 ಆಗುತ್ತದೆ, ಯಾರ ಕಣ್ಣಿಗೂ ಬೀಳದು. ಮೊದಲ ಬಿಟ್ ತಪ್ಪಿದರೆ 200 ಇದ್ದದ್ದು 72ಕ್ಕೆ ಕುಸಿಯುತ್ತದೆ. ಈ ತಪ್ಪುಗಳು ಬಿಸಿಯಾದಾಗ ಹೆಚ್ಚುತ್ತವೆ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆಗಂಟಿದ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದರೇ ಕೆಲವೊಮ್ಮೆ ಗುಣವಾಗುತ್ತದೆ. ಕಾರ್ಡನ್ನು ಓವನ್ನಿನಲ್ಲಿಟ್ಟು ಕಾಯಿಸಿ ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ದಯವಿಟ್ಟು ಮಾಡಬೇಡಿ. ಹಾಗೆ ಬದುಕಿದ ಕಾರ್ಡ್ ಹೆಚ್ಚು ದಿನ ಬಾಳುವುದಿಲ್ಲ, ಅದರ ಹೊಗೆ ಅಡುಗೆಮನೆಗೆ ಸಲ್ಲದು.

ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಷ್ಟು ಸಣ್ಣ ಒಂದೇ ಬಣ್ಣದ ಗೆರೆ, ಚಿತ್ರ ಬದಲಾದರೂ ಅಲುಗದೆ ನಿಂತಿದ್ದರೆ, ಅದು ಗಾಜಿನ ಫಲಕದ ಕಾಯಿಲೆ. 1920 ಕಂಬಸಾಲಿಗೆ ಮೂರು ಬಣ್ಣದಂತೆ 5,760 ಲಂಬ ತಂತಿಗಳು ಫಲಕದ ಅಂಚಿಗೆ ಬಂದು ಸೇರುತ್ತವೆ. ಅಲ್ಲಿ ಅವನ್ನು ಬೆಸುಗೆಯಿಂದ ಕೂಡಿಸಿರುವುದಿಲ್ಲ. ಲೋಹ ಲೇಪಿಸಿದ ಅತಿ ಸೂಕ್ಷ್ಮ ಗುಂಡುಗಳಿರುವ ಅಂಟುಪಟ್ಟಿಯಿಂದ ಒತ್ತಿ ಅಂಟಿಸಿರುತ್ತಾರೆ. ಚೌಕಟ್ಟಿನ ಅಂಚನ್ನು ಮೆಲ್ಲಗೆ ಒತ್ತಿದಾಗ ಗೆರೆ ಮಾಯವಾಗಿ, ಬಿಟ್ಟಾಗ ಮರಳಿದರೆ ಆ ಅಂಟು ಬಿಟ್ಟಿದೆ. ಇದು ಮನೆಯಲ್ಲಿ ಆಗುವ ರಿಪೇರಿಯಲ್ಲ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇನ್ನೊಂದು ಸಾಧ್ಯತೆಯಿದೆ: ಮುಚ್ಚಳ ಎತ್ತಿ ಇಳಿಸುವಾಗ ಬಣ್ಣ ಬದಲಾದರೆ, ಕೀಲಿನೊಳಗೆ ಹಾಯ್ದುಹೋಗುವ ಕೇಬಲ್ ಸವೆದಿದೆ. ಅದನ್ನಷ್ಟೇ ಬದಲಿಸಿದರಾಯಿತು, ಪರದೆ ಬೇಡ.

ಕೊನೆಗೆ, ಕಾಯಿಲೆಯೇ ಅಲ್ಲದ ಒಂದು ವಿಚಿತ್ರ ಬಣ್ಣ. ಅಗ್ಗದ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಮಲಗಿ ಕೆಳಗಿನಿಂದ ನೋಡಿದರೆ ಮುಖಗಳು ಫೋಟೊ ನೆಗೆಟಿವ್‌ನಂತೆ ತಿರುಗುತ್ತವೆ. ಪರದೆಯೊಳಗಿನ ದ್ರವಸ್ಫಟಿಕದ ಅಣುಗಳು ಕಡ್ಡಿಯಾಕಾರದವು. ಓರೆಯಾಗಿ ಹಾಯುವ ಬೆಳಕಿಗೆ ಅವು ಬೇರೆಯೇ ಆಗಿ ಎದುರಾಗುತ್ತವೆ. ಇದನ್ನು ತಿದ್ದುವ ದಾರಿಯೊಂದರ ಬೇರು ಬೆಂಗಳೂರಿನಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದಲ್ಲಿದ್ದು 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್, ಅಲ್ಲಿ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ಕಂಡುಹಿಡಿದರು. ಆ ಪ್ರಬಂಧ 1977ರಲ್ಲಿ ಬೆಂಗಳೂರಿನದೇ ‘ಪ್ರಮಾಣ’ ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿಯವರೆಗೆ ತಿಳಿದಿದ್ದವು ಕಡ್ಡಿಗಳೇ. ಕಡ್ಡಿಗಳು ಓರೆ ಬೆಳಕನ್ನು ಒಂದು ಕಡೆಗೆ ತಪ್ಪಿಸಿದರೆ ಬಿಲ್ಲೆಗಳು ಎದುರು ಕಡೆಗೆ ತಿದ್ದುತ್ತವೆ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫಿಲ್ಮ್ ಬಿಲ್ಲೆಯಣುಗಳ ತೆಳು ಹಾಳೆ ತಯಾರಿಸಿತು. ಅದನ್ನು ಅಂಟಿಸಿಕೊಂಡ ಪರದೆಗಳು ಪಕ್ಕದಲ್ಲಿ ಕೂತವರಿಗೂ ಸರಿಯಾದ ಬಣ್ಣ ತೋರಿಸತೊಡಗಿದವು. ನಿಮ್ಮ ಲ್ಯಾಪ್‌ಟಾಪ್ ಕೆಳಗಿನಿಂದ ನೋಡಿದಾಗಷ್ಟೇ ನೆಗೆಟಿವ್ ಆಗುತ್ತಿದ್ದರೆ ಯಾರಿಗೂ ತೋರಿಸಬೇಕಿಲ್ಲ. ಮುಚ್ಚಳವನ್ನು ನಿಮ್ಮ ಮುಖಕ್ಕೆ ನೇರವಾಗುವಂತೆ ನಾಲ್ಕು ಬೆರಳು ಮುಂದಕ್ಕೆ ಬಾಗಿಸಿಕೊಳ್ಳಿ.