ಟಾರ್ ಕುಡಿದ ಇದ್ದಿಲು ಹೊಲಕ್ಕೆ ಬೇಡ

ಸೌದೆಯನ್ನು ಉರಿಯುವ ಅನಿಲವಾಗಿಸುವ ಗ್ಯಾಸಿಫೈಯರ್ ಘಟಕದ ಹಿಂಬದಿಗೆ ಹೋದರೆ ಅನಿಲ ತೊಳೆದ ನೀರಿನ ಗುಂಡಿ ಕಾಣುತ್ತದೆ. ಕಂದು ಬಣ್ಣ, ಮೇಲೆ ಜಿಡ್ಡಿನ ಪದರ, ಫಿನಾಯಿಲ್ ಹೋಲುವ ಘಾಟು. ಆ ಘಾಟು ಫೀನಾಲಿನದು. ಸೌದೆ ಅರೆಬರೆ ಬೆಂದಾಗ ಹುಟ್ಟುವ ಟಾರ್‌ನ ಒಂದು ಅಂಶ ಅದು.

ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲೇ ಸೌದೆ ಅನಿಲದಿಂದ ಮನೆಗಳಿಗೆ ದೀಪ ಕೊಟ್ಟಿದ್ದರು. ಇಂಥ ಘಟಕಗಳ ದೊಡ್ಡ ತೊಡಕು ಟಾರ್: ಎಂಜಿನ್ನಿಗೆ ಹೋಗುವ ಅನಿಲದಲ್ಲಿ ಘನಮೀಟರಿಗೆ 100 ಮಿಲಿಗ್ರಾಂಗಿಂತ ಹೆಚ್ಚು ಟಾರ್ ಇದ್ದರೆ ವಾಲ್ವ್ ಅಂಟಿಕೊಳ್ಳುತ್ತದೆ. ಆದರೆ ಅನಿಲ ಕೆಳಮುಖವಾಗಿ ಹರಿಯುವ ಸಾಮಾನ್ಯ ಗ್ಯಾಸಿಫೈಯರಿನಲ್ಲೂ ಅದು ಘನಮೀಟರಿಗೆ ಸುಮಾರು ಒಂದು ಗ್ರಾಂ ಇರುತ್ತದೆ. ಲೆಕ್ಕ ಹಾಕಿ ನೋಡಿ: 100 ಕಿಲೋವ್ಯಾಟ್ ಘಟಕ ಗಂಟೆಗೆ ಹೆಚ್ಚುಕಡಿಮೆ 300 ಘನಮೀಟರ್ ಅನಿಲ ಕೊಡುತ್ತದೆ. ದಿನಕ್ಕೆ ಹತ್ತು ಗಂಟೆಯಂತೆ ವರ್ಷಕ್ಕೆ 300 ದಿನ ಓಡಿದರೆ 900 ಕಿಲೋ ಟಾರ್! ನೀರಿನಲ್ಲಿ ತೊಳೆದರೆ ಅದು ನಾಶವಾಗುವುದಿಲ್ಲ, ಗುಂಡಿಗೆ ಇಳಿಯುತ್ತದೆ ಅಷ್ಟೆ. ಕುಡಿಯುವ ನೀರಿನಲ್ಲಿ ಫೀನಾಲಿಗೆ ನಮ್ಮ ಮಾನಕದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಗುಂಡಿಯ ನೀರಿನಲ್ಲಿ ಲೀಟರಿಗೆ 100 ಮಿಲಿಗ್ರಾಂ ಇದ್ದರೆ, ಅದರ ಒಂದು ಲೀಟರ್ ಸಾಕು, ಒಂದು ಲಕ್ಷ ಲೀಟರ್ ಶುದ್ಧ ನೀರನ್ನು ಆ ಮಿತಿಗೆ ತಂದು ನಿಲ್ಲಿಸಲು.

ಈ ಟಾರಿಗೆ ಮದ್ದು ಗ್ಯಾಸಿಫೈಯರಿನಲ್ಲೇ ಉಳಿಯುವ ಇದ್ದಿಲು. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, 900 ಡಿಗ್ರಿ ಶಾಖದಲ್ಲಿ ಟಾರಿನ ಅಂಶವಾದ ನ್ಯಾಫ್ತಲೀನ್ ಒಡೆಯುವುದರಲ್ಲಿ ಸೌದೆ ಇದ್ದಿಲು ಡಾಲಮೈಟ್, ಆಲಿವೀನ್ ಖನಿಜಗಳೆರಡನ್ನೂ ಹಿಂದಿಕ್ಕಿತು. ಅದಕ್ಕಿಂತ ಮುಂದಿದ್ದದ್ದು ದುಬಾರಿ ನಿಕ್ಕಲ್. ಇದ್ದಿಲಿನ ಸಣ್ಣ ರಂಧ್ರಗಳು ಟಾರನ್ನು ಹಿಡಿಯುತ್ತವೆ, ಬೂದಿಯಲ್ಲಿರುವ ಪೊಟ್ಯಾಸಿಯಂ, ಕ್ಯಾಲ್ಸಿಯಂ ಅದನ್ನು ಒಡೆಯಲು ನೆರವಾಗುತ್ತವೆ. ಡೆನ್ಮಾರ್ಕಿನ ವೈಕಿಂಗ್ ಗ್ಯಾಸಿಫೈಯರ್ ಕಾದ ಇದ್ದಿಲ ಹಾಸಿನ ಮೂಲಕವೇ ಅನಿಲ ಹಾಯಿಸಿ ಟಾರನ್ನು ಘನಮೀಟರಿಗೆ ಐದು ಮಿಲಿಗ್ರಾಂಗಿಂತ ಕೆಳಗಿಳಿಸಿದೆ.

ನನ್ನ ಆತಂಕ ಶುರುವಾಗುವುದು ಇಲ್ಲಿಂದ. ಟಾರ್ ಇದ್ದಿಲಿನ ಮೇಲೆ ಮಸಿಯಾಗಿ ಕೂರುತ್ತದೆ. ಶಾಖವೂ ಹಬೆಯೂ ಸಾಕಷ್ಟಿದ್ದರೆ ಆ ಮಸಿ ಅನಿಲವಾಗಿ ಹೋಗಿ ರಂಧ್ರ ಮತ್ತೆ ತೆರೆಯುತ್ತದೆ. ಶಾಖ ಇಳಿದರೆ ಕೆಲಸ ಹಾಳು: ಇದ್ದಿಲು ಟಾರನ್ನು ಒಡೆಯುವುದಿಲ್ಲ, ಹೀರಿಕೊಂಡು ಕೂರುತ್ತದೆ. ತಣ್ಣಗಿನ ಅನಿಲ ಸೋಸಲು ಬಳಸಿದ ಇದ್ದಿಲಂತೂ ಪೂರ್ತಿ ಇದೇ ಬಗೆಯದು. ಈಗ ಬಯೋಚಾರಿಗೆ, ಅಂದರೆ ಹೊಲದ ಮಣ್ಣಿಗೆ ಬೆರೆಸುವ ಇದ್ದಿಲಿಗೆ, ಕಾರ್ಬನ್ ಕ್ರೆಡಿಟ್ಟಿನ ದುಡ್ಡು ಬೇರೆ ಬರುತ್ತಿದೆ. ಸೋಸಲು ಬಳಸಿದ ಇದ್ದಿಲನ್ನೂ ಅದೇ ಚೀಲಕ್ಕೆ ತುಂಬಿ ಮಾರುವ ಆಸೆಗೆ ತಡೆ ಏನು?

2012ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ, ನಿಧಾನವಾಗಿ ಸುಟ್ಟ ಬಯೋಚಾರಿನಲ್ಲಿ ಟಾರಿನ ವಿಷಕಾರಿ ಅಂಶಗಳಾದ ಬಹುವಲಯ ಹೈಡ್ರೋಕಾರ್ಬನ್ನುಗಳು ಕಿಲೋಗೆ ಹೆಚ್ಚೆಂದರೆ 3.27 ಮಿಲಿಗ್ರಾಂ ಸಿಕ್ಕವು; ಗ್ಯಾಸಿಫೈಯರಿನ ಇದ್ದಿಲಿನಲ್ಲಿ 45. ಗೊಬ್ಬರವಾಗಿ ಮಾರುವ ಇಂಥ ಇದ್ದಿಲಿಗೆ ಯುರೋಪಿನ ಮಿತಿ, ಹದಿನಾರು ಬಹುವಲಯ ಹೈಡ್ರೋಕಾರ್ಬನ್ನುಗಳು ಸೇರಿ, 6. ಈ ಗುಂಪಿನ ಬೆಂಜೋಪೈರೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. 2012ರ ಆ ಹೋಲಿಕೆಯಲ್ಲಿ ಇದ್ದಿಲು ನೀರಿಗೆ ಬಿಟ್ಟುಕೊಟ್ಟ ಪಾಲು ತೀರಾ ಕಡಿಮೆ ಇತ್ತು, ಇದನ್ನೂ ಮುಚ್ಚಿಡಬಾರದು. ಆದರೆ ಗಾಳಿಗೆ ದೂಳೆಬ್ಬಿಸಿ ಇದ್ದಿಲು ಚೆಲ್ಲುವ ಆಳಿನ ಶ್ವಾಸಕೋಶಕ್ಕೆ ಆ ಸಮಾಧಾನ ಸಾಲದು.

ಹಾಗಾದರೆ ಮಾಡುವುದೇನು? ಸೋಸಲು ಬಳಸಿದ ಇದ್ದಿಲನ್ನು ಸೌದೆಯ ಜೊತೆ ಮತ್ತೆ ಅದೇ ಗ್ಯಾಸಿಫೈಯರಿಗೆ ಹಾಕಿ ಸುಟ್ಟುಬಿಡಬಹುದು, ಇಂಧನವೂ ಉಳಿಯುತ್ತದೆ. ಹೊಲಕ್ಕೆ ಕಳಿಸುವ ಇದ್ದಿಲನ್ನು, ಟಾರ್ ಹೀರದಂತೆ, ಅನಿಲದಿಂದ ಬಿಸಿಯಿರುವಾಗಲೇ ಬೇರ್ಪಡಿಸಬೇಕು. ಚೀಲ ಕೊಳ್ಳುವ ರೈತರು ಆ ಲಾಟಿನ ಪ್ರಯೋಗಾಲಯ ವರದಿ ಕೇಳಲಿ. ಅದರಲ್ಲಿ ಆ ಹದಿನಾರು ಹೈಡ್ರೋಕಾರ್ಬನ್ನುಗಳ ಒಟ್ಟು ಅಂಕಿ ಇಲ್ಲದಿದ್ದರೆ ಚೀಲ ವಾಪಸ್ ಕಳಿಸಲಿ.