ಹಳೆಯ ಟ್ರ್ಯಾಕ್ಟರಿನ ಆಯಿಲ್ ಫಿಲ್ಟರ್ ಸೋರುತ್ತಿದೆಯೇ?

ಹಸಿ ಮೇವು ತರುವ ಟ್ರ್ಯಾಕ್ಟರ್ ನಿಂತ ಕಡೆ ಎಣ್ಣೆ ಕಲೆ ಕಂಡರೆ ಅಸಡ್ಡೆ ಮಾಡಬೇಡಿ. ಎಂಜಿನ್ ಆಯಿಲ್ ತೀರಾ ಇಳಿದರೆ ಬೇರಿಂಗ್ ಹಿಡಿದು ಎಂಜಿನ್ನೇ ಕೆಡುತ್ತದೆ.

ಮೊದಲು ಎಂಜಿನ್ ಒರೆಸಿ, ಎರಡು ನಿಮಿಷ ಓಡಿಸಿ, ಎಲ್ಲಿ ಜಿನುಗುತ್ತದೆಂದು ನೋಡಿರಿ. ಮೇಲಿನಿಂದ ಇಳಿದ ಎಣ್ಣೆಯೂ ಫಿಲ್ಟರಿನ ತಳದಲ್ಲೇ ತೊಟ್ಟಿಕ್ಕುವುದುಂಟು.

ಮ್ಯಾಸಿ ಫರ್ಗ್ಯುಸನ್ 35ರಂಥ ಹಳೆಯ ಗಾಡಿಗಳಲ್ಲಿ ಫಿಲ್ಟರ್ ಲೋಹದ ಬಟ್ಟಲಿನೊಳಗಿದ್ದು, ನಡುವಿನ ಉದ್ದ ಬೋಲ್ಟ್ ಅದನ್ನು ಹಿಡಿದಿರುತ್ತದೆ. ಬಟ್ಟಲಿನ ಬಾಯಿ ಕೂರುವ ತೋಡಿನಲ್ಲಿ ರಬ್ಬರ್ ರಿಂಗ್ ಇದೆ. ಸೋರುವುದು ಹೆಚ್ಚಾಗಿ ಇಲ್ಲಿಂದಲೇ. ಹಳೆಯ ರಿಂಗ್ ಗಟ್ಟಿಯಾಗಿ ತೋಡಿಗೆ ಕಚ್ಚಿಕೊಂಡು ಲೋಹದಂತೆಯೇ ಕಾಣುತ್ತದೆ. ಅದರ ಮೇಲೆಯೇ ಹೊಸದನ್ನು ಕೂರಿಸಿಬಿಡುತ್ತಾರೆ, ಮತ್ತೆ ಸೋರುತ್ತದೆ. ಹಳೆಯದನ್ನು ಎಬ್ಬಿಸಿ ತೆಗೆದು, ತೋಡನ್ನು ಶುಚಿ ಮಾಡಿ, ಹೊಸ ರಿಂಗಿಗೆ ಎಣ್ಣೆ ಸವರಿ ಕೂರಿಸಿರಿ. ಬೋಲ್ಟಿನ ವಾಷರನ್ನೂ ಬದಲಿಸಿ. ಸೋರಿತೆಂದು ಬೋಲ್ಟನ್ನೇ ಬಲವಾಗಿ ಬಿಗಿದರೆ ಥ್ರೆಡ್ ಹೋಗುತ್ತದೆ, ಖರ್ಚು ಹೆಚ್ಚುತ್ತದೆ.

ಐದು ನಿಮಿಷ ಓಡಿಸಿ ಪರೀಕ್ಷಿಸಿರಿ. ಎಂಜಿನ್ ನಿಲ್ಲಿಸಿ, ಸ್ವಲ್ಪ ತಡೆದು, ಡಿಪ್‌ಸ್ಟಿಕ್ ನೋಡಿ ಎಣ್ಣೆ ತುಂಬಿರಿ.

ಇಳಿಸಿದ ಎಣ್ಣೆಯನ್ನು ಕೊಟ್ಟಿಗೆಯ ಹತ್ತಿರ ತೆರೆದಿಡಬೇಡಿ. ದನಗಳು ನೆಕ್ಕುತ್ತವೆ, ಅದು ಅವಕ್ಕೆ ವಿಷ. ಎಣ್ಣೆ ಬಿದ್ದ ಹುಲ್ಲನ್ನೂ ಹಾಕಬೇಡಿ.